ಕೇಟರಿಂಗ್ ವಾಹನಗಳ ವಿಮೆ ಮತ್ತು ಡ್ರೈವರುಗಳು: ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಸದಸ್ಯ ಬಂಧುಗಳಲ್ಲಿ ಯಾರನ್ನು ಕೇಳಿದರೂ "ವ್ಯಾನಿಗೆ ಇನ್ಶೂರೆನ್ಸ್ ಇದೆ, ಏಜೆಂಟರು ವರ್ಷವರ್ಷ ಮಾಡಿಸಿಕೊಡುತ್ತಾರೆ" ಎನ್ನುತ್ತಾರೆ. ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಆ ಕಾಗದ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲೋ ಆಡಿಟರ ಫೈಲಿನಲ್ಲೋ ಬೆಚ್ಚಗೆ ಕುಳಿತಿರುತ್ತದೆ. ನಾವೂ ಬಹಳ ವರ್ಷ ಹಾಗೆಯೇ ಇದ್ದವರು. ಒಂದು ರಾತ್ರಿಯ ಘಟನೆ ನಮ್ಮ ಕಣ್ಣು ತೆರೆಸಿತು. ಅದನ್ನು ಮುಂದೆ ಹೇಳುತ್ತೇವೆ.

ಚೆನ್ನೈಯಲ್ಲಿ ನಮ್ಮವರ ಹೋಟೇಲುಗಳಿಗೂ ವಾಹನಗಳಿಗೂ ನಂಟು ಹಳೆಯದು. ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಗಿರಾಕಿ ಕಾರಿನಲ್ಲಿ ಕುಳಿತಿರುತ್ತಿದ್ದ, ತಿಂಡಿ ಅವನ ಬಳಿಗೆ ಹೋಗುತ್ತಿತ್ತು. 2008ರಲ್ಲಿ ಅದು ಮುಚ್ಚಿತು. ಈಗ ಗಿರಾಕಿ ಛತ್ರದಲ್ಲಿ, ಆಫೀಸಿನಲ್ಲಿ, ಮನೆಯಲ್ಲಿ ಕುಳಿತಿರುತ್ತಾನೆ. ಆಗ ವಾಹನ ಅವನದಾಗಿತ್ತು, ಈಗ ನಮ್ಮದು. ವಾಹನ ಯಾರದೋ ಹೊಣೆಯೂ ಅವರದೇ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಣ್ಣ ಕೇಟರಿಂಗ್ ಮಾಡುವವರ ಬಾಗಿಲಲ್ಲೂ ಒಂದು 'ಕುಟ್ಟಿ ಯಾನೈ' ನಿಂತಿದೆ. ಆನೆ ಸಾಕುವವನಿಗೆ ಮಾವುತನ ಚಿಂತೆಯೂ ಇರಬೇಕಲ್ಲ.

ಮೊದಲು ಹಣದ ಲೆಕ್ಕ ನೋಡೋಣ. ಅಪಘಾತದಲ್ಲಿ ಒಬ್ಬರು ತೀರಿಕೊಂಡರೆ ಪರಿಹಾರ ಎಷ್ಟಾಗಬಹುದು ಎಂಬ ಅಂದಾಜು ನಮ್ಮಲ್ಲಿ ಅನೇಕರಿಗೆ ಇಲ್ಲ. ಎರಡು ಮೂರು ಲಕ್ಷ ಎಂದುಕೊಂಡಿರುತ್ತಾರೆ. ಸುಪ್ರೀಂ ಕೋರ್ಟು 2009ರಲ್ಲಿ ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದ ಪ್ರಕಾರ ಲೆಕ್ಕ ಹೀಗೆ ಸಾಗುತ್ತದೆ. ತಿಂಗಳಿಗೆ 20,000 ರೂಪಾಯಿ ದುಡಿಯುವ 30 ವರ್ಷದ ಸ್ವಂತ ಉದ್ಯೋಗಿ, ಅವನನ್ನು ನಂಬಿದ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳಿ. ವರ್ಷದ ಆದಾಯ 2,40,000. ಮುಂದೆ ಹೆಚ್ಚಬಹುದಾದ ಗಳಿಕೆಗೆಂದು ಶೇಕಡಾ 40 ಸೇರಿಸಿದರೆ 3,36,000. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ ಗುಣಕ 17. ಒಟ್ಟು 42,84,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳೂ ಬಡ್ಡಿಯೂ ಇದರ ಮೇಲೆ. ಇಪ್ಪತ್ತು ಮೇಜಿನ ಹೋಟೇಲು ಇಷ್ಟು ಹಣವನ್ನು ಎಲ್ಲಿಂದ ತಂದೀತು?

ಈ ಹೊಣೆಯನ್ನು ಹೊರಲೆಂದೇ 1988ರ ಮೋಟಾರು ವಾಹನ ಕಾಯಿದೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದೆ. ಸಾವು, ಗಾಯಗಳ ಮಟ್ಟಿಗೆ ಅದಕ್ಕೆ ಮೊತ್ತದ ಮಿತಿ ಇಲ್ಲ. ಹಾಗಾದರೆ ಭಯವೇಕೆ ಎಂದು ನೀವು ಕೇಳಬಹುದು. ವಿಮೆ ಎಂಬುದು ಮೂರು ಸಂಗತಿಗಳನ್ನು ನಂಬಿ ಕೊಟ್ಟ ಮಾತು: ವಾಹನ ಯಾವ ಕೆಲಸಕ್ಕೆ ಓಡುತ್ತದೆ, ಯಾರು ಓಡಿಸುತ್ತಾರೆ, ಒಳಗೆ ಯಾರು ಕುಳಿತಿರುತ್ತಾರೆ. ನಮ್ಮ ಉದ್ಯಮದಲ್ಲಿ ಮುಹೂರ್ತದ ದಿನ ಬೆಳಗಿನ ಜಾವ ಅದಲು ಬದಲಾಗುವುದೂ ಈ ಮೂರೇ.

ಈಗ ಆ ರಾತ್ರಿಯ ವಿಷಯ. ಆವಣಿ ತಿಂಗಳ ಮುಹೂರ್ತ, ತಾಂಬರಂ ಕಡೆಯ ಛತ್ರ. ಬೆಳಗ್ಗೆ ಆರಕ್ಕೆ ಮುಂಚೆ ತಿಂಡಿ ಸಿದ್ಧವಿರಬೇಕಾದ್ದರಿಂದ ಎರಡೂವರೆಗೆ ನಮ್ಮ ವ್ಯಾನು ಹೊರಟಿತು. ಮುಂದೆ ಡ್ರೈವರೂ ಸ್ಟೋರಿನವರೂ. ಹಿಂದೆ ಪಾತ್ರೆಗಳ ನಡುವೆ ನಾಲ್ವರು ಹುಡುಗರು. ಜಿ.ಎಸ್.ಟಿ. ರಸ್ತೆಯಲ್ಲಿ ಕ್ರೋಂಪೇಟೆಯ ಹತ್ತಿರ ಪೊಲೀಸ್ ತಡೆಗೋಡೆ ಕತ್ತಲಲ್ಲಿ ಕಾಣದೆ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ವಾಹನಕ್ಕೆ ಒಂದು ಗೀರೂ ಆಗಲಿಲ್ಲ. ಸಾಂಬಾರಿನ ಕೊಳಗದ ಮುಚ್ಚಳಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು, ಕುದಿಯುತ್ತಿದ್ದ ಸಾಂಬಾರು ಒಬ್ಬ ಹುಡುಗನ ತೊಡೆಯಿಂದ ಪಾದದವರೆಗೆ ಸುರಿಯಿತು. ಹತ್ತೊಂಬತ್ತು ವರ್ಷದವನು. ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿದ್ದ.

ವಿಮೆಯವರು ಕಳಿಸಿದ ಸರ್ವೇಯರು ಸೌಮ್ಯವಾಗಿಯೇ ಮೂರು ಪ್ರಶ್ನೆ ಕೇಳಿದರು. ಆರ್.ಸಿ. ಪುಸ್ತಕದಲ್ಲಿ ಸೀಟು ಎಷ್ಟು? ವಾಹನದಲ್ಲಿ ಜನ ಎಷ್ಟಿದ್ದರು? ಅವರು ಯಾರು? ಸೀಟು ಎರಡು, ಜನ ಆರು. ನಾಲ್ವರಲ್ಲಿ ಇಬ್ಬರು ನಮ್ಮ ಹಾಜರಿ ಪುಸ್ತಕದವರು, ಇನ್ನಿಬ್ಬರನ್ನು ಅಂದಿನ ಮಟ್ಟಿಗೆ ಮೇಸ್ತ್ರಿಯೊಬ್ಬರು ಕಳಿಸಿದ್ದರು. ಸುಟ್ಟುಕೊಂಡವನು ಮೇಸ್ತ್ರಿಯ ಕಡೆಯವನು. ಪರಿಹಾರ ಕೊಡಲಾಗದು ಎಂಬ ಕಾಗದ ಬಂತು. ನಮಗೆ ಸಿಟ್ಟು ಬಂದದ್ದು ನಿಜ. ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದ ಮೇಲೆ, ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಬೇಕಾಯಿತು. ಆಸ್ಪತ್ರೆಯ ಖರ್ಚನ್ನೂ ಮುಂದಿನ ಎಂಟು ತಿಂಗಳ ಸಂಬಳವನ್ನೂ ನಾವೇ ಕೊಟ್ಟೆವು. ಅವನು ಈಗ ನಮ್ಮಲ್ಲಿಯೇ ಕಾಫಿ ಕೌಂಟರಿನಲ್ಲಿದ್ದಾನೆ.

ಸರಕು ವಾಹನದಲ್ಲಿ ಕುಳಿತವರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಕೇಟರಿಂಗಿನವರಿಗೆ ಎಲ್ಲಕ್ಕಿಂತ ಮುಖ್ಯ. 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರ ಹೊಣೆ ವಿಮಾ ಕಂಪೆನಿಯದಲ್ಲ ಎಂದು ಸ್ಪಷ್ಟಪಡಿಸಿತು. 1994ರ ತಿದ್ದುಪಡಿಯ ಮೂಲಕ ಸರಕಿನ ಮಾಲೀಕ ಅಥವಾ ಅವನು ಅಧಿಕಾರ ಕೊಟ್ಟು ಕಳಿಸಿದ ಪ್ರತಿನಿಧಿಗೆ ರಕ್ಷಣೆ ಇದೆ. ವಾಹನದಲ್ಲಿ ಹೋಗುವ ನಮ್ಮದೇ ನೌಕರರಿಗೆ, ನೌಕರರ ಪರಿಹಾರ ಕಾನೂನಿನ ಪ್ರಕಾರ ಬರುವ ಮೊತ್ತದ ಮಟ್ಟಿಗೆ ರಕ್ಷಣೆ ಇದೆ. ಆದರೆ ಸೀಟಿಗಿಂತ ಹೆಚ್ಚು ಜನರಿದ್ದರೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅಲ್ಲಿಂದಲೇ ತಕರಾರು ಶುರು. ಪಾತ್ರೆಯ ಮೇಲೆ ಚೀಲ ಹಾಸಿಕೊಂಡು ಕುಳಿತವನನ್ನು 'ಅಧಿಕಾರ ಕೊಟ್ಟ ಪ್ರತಿನಿಧಿ' ಎಂದು ಯಾವ ಕೋರ್ಟಿನಲ್ಲೂ ವಾದಿಸಲು ಬರುವುದಿಲ್ಲ.

ಆದ್ದರಿಂದ ಪಾತ್ರೆ ಬೇರೆ, ಜನ ಬೇರೆ. ಆ ಘಟನೆಯ ನಂತರ ನಾವು ಅಡಿಗೆಯವರನ್ನೂ ಬಡಿಸುವವರನ್ನೂ ಬಾಡಿಗೆಯ ಪ್ಯಾಸೆಂಜರ್ ವ್ಯಾನಿನಲ್ಲಿಯೇ ಕಳಿಸುತ್ತೇವೆ. ಪ್ರತಿ ಆರ್ಡರಿಗೆ ಖರ್ಚು ಹೆಚ್ಚುತ್ತದೆ, ಸುಳ್ಳಲ್ಲ. ಅದನ್ನು ಎಲೆಯ ದರದಲ್ಲಿ ಸೇರಿಸಿಬಿಟ್ಟೆವು. ಒಬ್ಬ ಗಿರಾಕಿಯೂ ಆ ಕಾರಣಕ್ಕೆ ಬಿಟ್ಟುಹೋಗಲಿಲ್ಲ. ಪಾತ್ರೆ ಏರಿಸಿ ಇಳಿಸುವವರು ವ್ಯಾನಿನ ಜತೆಯೇ ಹೋಗಬೇಕಾದರೆ, ಆರ್.ಸಿ.ಯ ಸೀಟಿನ ಲೆಕ್ಕದೊಳಗೆ ಕ್ಯಾಬಿನ್ನಿನಲ್ಲಿ ಕುಳಿತು ಹೋಗಲಿ. ಅವರಿಗಾಗಿ ತಲೆಗೆ ಇಷ್ಟೆಂದು ಹೆಚ್ಚುವರಿ ಪ್ರೀಮಿಯಂ ಕಟ್ಟುವ ಅವಕಾಶ ಪಾಲಿಸಿಯಲ್ಲಿದೆ. ಕೇಳದಿದ್ದರೆ ಏಜೆಂಟರು ಹೇಳುವುದಿಲ್ಲ. ಮೊತ್ತ ಅಷ್ಟು ಸಣ್ಣದು.

ಡ್ರೈವರಿನ ವಿಮೆಯೂ ಹಾಗೆಯೇ ಮರೆತುಹೋಗುವ ಬಾಬ್ತು. ಮಾಲೀಕನೇ ಓಡಿಸುವ ವಾಹನಕ್ಕೆ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಇದೆ. ಆದರೆ ಅದು ವ್ಯಕ್ತಿಯ ಹೆಸರಿನಲ್ಲಿರುವ ವಾಹನಕ್ಕೆ ಮಾತ್ರ. ಪಾಲುದಾರಿಕೆ ಫರ್ಮಿನ ಅಥವಾ ಕಂಪೆನಿಯ ಹೆಸರಿನಲ್ಲಿದ್ದರೆ ಸಿಗುವುದಿಲ್ಲ. ಸಂಬಳದ ಡ್ರೈವರಿಗೂ ಅದು ಅನ್ವಯಿಸದು. ಅವನಿಗಾಗಿ 'ಪೇಯ್ಡ್ ಡ್ರೈವರ್ ಲೀಗಲ್ ಲಯಬಿಲಿಟಿ' ಎಂಬ ಸಾಲು ಪಾಲಿಸಿಯಲ್ಲಿ ಇದೆಯೇ ನೋಡಿ. ಅದರ ಪ್ರೀಮಿಯಂ ಒಂದೆರಡು ಕಾಫಿಯ ಬೆಲೆ. ಹತ್ತು ಅಥವಾ ಹೆಚ್ಚು ಜನರಿರುವ ಹೋಟೇಲಿಗೆ ಇ.ಎಸ್.ಐ. ಇದ್ದೇ ಇರುತ್ತದೆ. ಆದರೆ 2017ರಿಂದ ಅದರ ಸಂಬಳದ ಮಿತಿ 21,000 ರೂಪಾಯಿ. ಓವರ್‌ಟೈಮ್ ಬಿಟ್ಟು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವ ಹಳೆಯ ಡ್ರೈವರುಗಳೂ ಮುಖ್ಯ ಭಟ್ಟರೂ ಅದರಿಂದ ಹೊರಗೆ ಉಳಿಯುತ್ತಾರೆ. ಅವರಿಗೆ ಪ್ರತ್ಯೇಕ ನೌಕರರ ಪರಿಹಾರ ಪಾಲಿಸಿ ಮಾಡಿಸುವುದು ಒಳ್ಳೆಯದು. 1923ರಿಂದ ಇದ್ದ ಹಳೆಯ ಪರಿಹಾರ ಕಾಯಿದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಕೆಲಸಕ್ಕೆ ಬರುವಾಗ, ಮನೆಗೆ ಹೋಗುವಾಗ ಆಗುವ ಅಪಘಾತಗಳನ್ನೂ ಹೊಸ ಸಂಹಿತೆ ಕೆಲಸದ ಸಂಬಂಧದ್ದೆಂದೇ ಕೆಲವು ಷರತ್ತುಗಳೊಂದಿಗೆ ಪರಿಗಣಿಸುತ್ತದೆ. ನವೀಕರಣದ ಹೊತ್ತಿಗೆ ಇದನ್ನು ನೆನಪಿನಲ್ಲಿಟ್ಟು ಕೇಳಿ.

ವಾಹನದ ಉಪಯೋಗದ ಬಗ್ಗೆ ಎರಡು ಮಾತು. ನಮ್ಮ ಸ್ವಂತ ಸರಕು ಒಯ್ಯುವ ವಾಹನ 'ಪ್ರೈವೇಟ್ ಕ್ಯಾರಿಯರ್', ಬಾಡಿಗೆಗೆ ಓಡುವುದು 'ಪಬ್ಲಿಕ್ ಕ್ಯಾರಿಯರ್'. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ, 7,500 ಕಿಲೋ ಒಳಗಿನ ವಾಹನದ ಥರ್ಡ್ ಪಾರ್ಟಿ ಪ್ರೀಮಿಯಂ ಮೊದಲನೆಯದಕ್ಕೆ 8,510, ಎರಡನೆಯದಕ್ಕೆ 16,049 ರೂಪಾಯಿ. ಅರ್ಧಕ್ಕರ್ಧ ಉಳಿಯುತ್ತದೆಂದು ಪ್ರೈವೇಟ್ ಮಾಡಿಸಿಕೊಂಡು, ಮುಹೂರ್ತವಿಲ್ಲದ ದಿನ ಪಕ್ಕದ ಹೋಟೇಲಿನವರಿಗೆ ಬಾಡಿಗೆಗೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ಅಪಘಾತವಾದ ದಿನ ಆ ಬಾಡಿಗೆಯ ಚೀಟಿಯೇ ನಮ್ಮ ವಿರುದ್ಧ ಸಾಕ್ಷಿ. ಇನ್ನೊಂದು, ಮನೆಯ ಕಾರು. ಇಡ್ಲಿ ಕಡಿಮೆ ಬಿತ್ತು ಎಂದು ಛತ್ರದಿಂದ ಫೋನು ಬಂದೊಡನೆ ಹಿಂದಿನ ಸೀಟು ಮಡಚಿ ಎರಡು ಡಬರಿ ತುಂಬಿಸಿ ಕಳಿಸಿಬಿಡುತ್ತೇವೆ. ಖಾಸಗಿ ಕಾರಿನ ಪಾಲಿಸಿಯಲ್ಲಿ, ಸ್ಯಾಂಪಲ್ಲು ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಒಯ್ಯುವಂತಿಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಪಾರ್ಸೆಲ್ ಕೊಡಲು ತನ್ನ ಸ್ವಂತ ಬೈಕಿನಲ್ಲಿ ಹೋಗುವ ಹುಡುಗನ ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನಾವೇ ನೋಡಬೇಕು. ನಮ್ಮ ಕೆಲಸದ ಮೇಲೆ ಹೋದವನು ಯಾರಿಗಾದರೂ ಗುದ್ದಿದರೆ ನೋಟೀಸು ಹೋಟೇಲಿಗೂ ಬರುತ್ತದೆ.

ಇನ್ನು ಸ್ಟಿಯರಿಂಗ್ ಹಿಡಿಯುವವನ ವಿಷಯ. ಏಸಿನಂಥ ಸಣ್ಣ ಸರಕು ವಾಹನಕ್ಕೆ ಬೇರೆ ಬ್ಯಾಡ್ಜ್ ಬೇಕೇ, ಕಾರಿನ ಲೈಸೆನ್ಸ್ ಸಾಕೇ ಎಂಬ ಗೊಂದಲ ಬಹಳ ವರ್ಷ ಇತ್ತು. ಇದೊಂದೇ ಕಾರಣಕ್ಕೆ ಎಷ್ಟೋ ಕ್ಲೇಮುಗಳು ಬಿದ್ದುಹೋದವು. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಎಲ್.ಎಂ.ವಿ. ಲೈಸೆನ್ಸಿನಲ್ಲಿಯೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ನಮಗೆ ದೊಡ್ಡ ನಿರಾಳ. ಆದರೆ ಅವಧಿ ಮುಗಿದ ಲೈಸೆನ್ಸಿಗೆ ಮೊದಲು ಇದ್ದ 30 ದಿನಗಳ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಮುಗಿದ ಮಾರನೆಯ ದಿನದಿಂದಲೇ ಅವನು ಲೈಸೆನ್ಸ್ ಇಲ್ಲದವನು.

ಲೈಸೆನ್ಸ್ ಇಲ್ಲದವನು ಓಡಿಸಿ ಅಪಘಾತವಾದರೆ ಏನಾಗುತ್ತದೆ? 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿದ ದಾರಿಯಂತೆ, ವಿಮಾ ಕಂಪೆನಿ ಮೊದಲು ಗಾಯಾಳುವಿಗೆ ಹಣ ಕೊಡುತ್ತದೆ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುತ್ತದೆ. ಆ ವಸೂಲಿ ಕಲೆಕ್ಟರ್ ಕಚೇರಿಯ ಮೂಲಕ ಕಂದಾಯ ಬಾಕಿಯಂತೆ ನಡೆಯಬಹುದು. ಅಂದರೆ ಮೇಲೆ ಹೇಳಿದ 42 ಲಕ್ಷಕ್ಕೆ ಇಲ್ಲಿಯ ಹೋಟೇಲು ಮಾತ್ರವಲ್ಲ, ಊರಿನ ತೋಟವೂ ಬಾಧ್ಯವಾದೀತು. ಇದರಿಂದ ಪಾರಾಗಲು ಮಾಲೀಕನಿಗೆ ಕೋರ್ಟೇ ದಾರಿ ತೋರಿಸಿದೆ. 2003ರ ಲೆಹ್ರು ಪ್ರಕರಣದ ತೀರ್ಪಿನಂತೆ, ಕೆಲಸಕ್ಕೆ ತೆಗೆದುಕೊಳ್ಳುವಾಗ ಮಾಲೀಕ ಲೈಸೆನ್ಸ್ ನೋಡಬೇಕು, ಓಡಿಸಲು ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಅಷ್ಟು ಮಾಡಿದ್ದರೆ, ಲೈಸೆನ್ಸ್ ನಕಲಿ ಎಂದು ಆಮೇಲೆ ಗೊತ್ತಾದರೂ ಮಾಲೀಕನ ಮೇಲೆ ತಪ್ಪು ಹೊರಿಸಲಾಗದು. ಪ್ರತಿಯೊಬ್ಬರೂ ಆರ್.ಟಿ.ಓ. ಕಚೇರಿಗೆ ಹೋಗಿ ವಿಚಾರಿಸಬೇಕೆಂದಿಲ್ಲ.

ಆದರೆ ನೋಡಿದ್ದೆವು ಎಂದು ಬಾಯಲ್ಲಿ ಹೇಳಿದರೆ ಸಾಲದು. ನಾವು ಪ್ರತಿ ಡ್ರೈವರಿಗೂ ಒಂದು ಫೈಲು ಇಟ್ಟಿದ್ದೇವೆ. ಲೈಸೆನ್ಸಿನ ಪ್ರತಿ, ಪರಿವಾಹನ್ ತಾಣದಲ್ಲಿ ಅದರ ನಂಬರು ಹಾಕಿ ತೆಗೆದ ಪ್ರಿಂಟು, ಟೆಸ್ಟ್ ಡ್ರೈವ್ ಮಾಡಿಸಿದ ದಿನಾಂಕ ಮತ್ತು ನೋಡಿದವರ ಸಹಿ, ಕಣ್ಣಿನ ಪರೀಕ್ಷೆಯ ಚೀಟಿ. ಊರಿನ ಹುಡುಗ, ಗೊತ್ತಿದ್ದವರ ಮಗ ಎಂಬ ದಾಕ್ಷಿಣ್ಯಕ್ಕೆ ಇದರಲ್ಲಿ ಎಡೆಯಿಲ್ಲ. ಈಗ ನಮ್ಮ ಅಡಿಗೆಮನೆಗಳಲ್ಲಿ ಒಡಿಶಾ, ಅಸ್ಸಾಂ ಕಡೆಯವರೇ ಹೆಚ್ಚು. ಅಲ್ಲಿಯ ಲೈಸೆನ್ಸನ್ನು ಮುಖ ನೋಡಿ ತಿಳಿಯುವ ವಿದ್ಯೆ ನಮಗಿಲ್ಲ, ತಾಣದಲ್ಲಿ ಎರಡು ನಿಮಿಷದ ಕೆಲಸ.

ಇನ್ನೊಂದು ಕಡೆ ಎಚ್ಚರ ಬೇಕು. ವ್ಯಾನನ್ನು ಹಿಂದೆ ಮುಂದೆ ಸರಿಸಲು ಕ್ಲೀನರ್ ಹುಡುಗನ ಕೈಗೆ ಕೀಲಿ ಕೊಡುವ ಅಭ್ಯಾಸ. ಹದಿನೆಂಟು ತುಂಬದವನು ಓಡಿಸಿ ಅಪರಾಧವಾದರೆ, 2019ರಿಂದ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ದಂಡ, ಒಂದು ವರ್ಷ ನೋಂದಣಿ ರದ್ದು. ಕೀಲಿ ಕ್ಯಾಷಿಯರ ಬಳಿ ಇರಲಿ, ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಳ್ಳಲಿ.

ಲೈಸೆನ್ಸಿಗಿಂತ ದೊಡ್ಡ ವಿಷಯ ನಿದ್ದೆ. ನಮ್ಮ ಡ್ರೈವರಿನ ಒಂದು ದಿನವನ್ನು ಬರೆದು ನೋಡಿದಾಗ ನಮಗೇ ನಾಚಿಕೆಯಾಯಿತು. ಬೆಳಗಿನ ಜಾವ ಮೂರಕ್ಕೆ ಕೋಯಂಬೇಡು ಮಾರುಕಟ್ಟೆ, ತರಕಾರಿ ತಂದು ಇಳಿಸುವಷ್ಟರಲ್ಲಿ ಆರು. ಹತ್ತಕ್ಕೆ ಆಫೀಸುಗಳ ಊಟ. ಮಧ್ಯಾಹ್ನ ಗ್ಯಾಸ್ ಏಜೆನ್ಸಿ, ಹಾಲು, ಬಾಳೆಎಲೆ. ಸಂಜೆ ರಿಸೆಪ್ಷನ್, ಹನ್ನೊಂದಕ್ಕೆ ಖಾಲಿ ಪಾತ್ರೆಗಳೊಂದಿಗೆ ವಾಪಸು. ಮತ್ತೆ ಎರಡೂವರೆಗೆ ಮುಹೂರ್ತದ ತಿಂಡಿ. ನಡುವೆ ಜನ ಸಾಲದಿದ್ದರೆ ಅವನ ಕೈಗೆ ಸಾಂಬಾರಿನ ಬಕೆಟ್ಟೂ ಬರುತ್ತದೆ. ಆ ರಾತ್ರಿ ತಡೆಗೋಡೆ ಕತ್ತಲಿಗೆ ಕಾಣಲಿಲ್ಲವೋ ನಿದ್ದೆಗಣ್ಣಿಗೆ ಕಾಣಲಿಲ್ಲವೋ, ಇಂದಿಗೂ ನಮಗೆ ಸಂಶಯವಿದೆ. ಅವನನ್ನು ಬಯ್ಯುವ ಬಾಯಿ ನಮಗಿರಲಿಲ್ಲ.

ಈಗ ಮಾರುಕಟ್ಟೆಯ ಡ್ರೈವರ್ ಬೇರೆ, ಛತ್ರದ ಡ್ರೈವರ್ ಬೇರೆ. ಮುಹೂರ್ತ ಹೆಚ್ಚಿರುವ ದಿನ ದಿನಗೂಲಿಯ ಒಬ್ಬರನ್ನು ಹೆಚ್ಚಿಗೆ ಕರೆಯುತ್ತೇವೆ, ಅವರ ಫೈಲನ್ನು ಮೊದಲೇ ಮಾಡಿಟ್ಟು. ರಾತ್ರಿ ಓಡಿಸಬೇಕಾದವನು ಹಿಂದಿನ ದಿನ ಮಧ್ಯಾಹ್ನದಿಂದ ಕೆಲಸಕ್ಕೆ ಬರುವಂತಿಲ್ಲ. ಅವನು ಪಾತ್ರೆ ಹೊರುವುದಿಲ್ಲ, ಬಡಿಸುವುದಿಲ್ಲ. ಛತ್ರದಲ್ಲಿ ಅವನಿಗೊಂದು ಚಾಪೆಯ ಜಾಗವನ್ನು ಆರ್ಡರ್ ಒಪ್ಪಿಕೊಳ್ಳುವಾಗಲೇ ಕೇಳಿಬಿಡುತ್ತೇವೆ.

ಗೀರು, ಡೊಂಕಿಗೆ ಸಂಬಳದಲ್ಲಿ ಹಿಡಿಯುವ ಪದ್ಧತಿಯನ್ನೂ ಕೈಬಿಟ್ಟೆವು. ಇದಕ್ಕೆ ನಮ್ಮ ಕೆಲವು ಮಿತ್ರರ ವಿರೋಧವಿದೆ. ಆದರೆ ಹಣ ಹಿಡಿದರೆ ಡ್ರೈವರ್ ಗೀರನ್ನು ಮಾತ್ರ ಮುಚ್ಚಿಡುವುದಿಲ್ಲ, ಬ್ರೇಕ್ ಸರಿಯಿಲ್ಲದ್ದನ್ನೂ ಮುಚ್ಚಿಡುತ್ತಾನೆ. ಕುಡಿದು ಓಡಿಸಿದವನಿಗೆ ಮಾತ್ರ ನಮ್ಮಲ್ಲಿ ಎರಡನೇ ಅವಕಾಶ ಇಲ್ಲ.

ಮಳೆಯ ವಿಷಯ ಚೆನ್ನೈಯವರಿಗೆ ಹೇಳಬೇಕಾಗಿಲ್ಲ. 2015ರ ಡಿಸೆಂಬರ್, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಎರಡರಲ್ಲೂ ಸಾವಿರಾರು ವಾಹನಗಳು ನೀರಿನಲ್ಲಿ ಮುಳುಗಿದವು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಏನೂ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿದೆ. ಆದರೆ ನೀರು ತುಂಬಿದ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಅದು ಕೆಟ್ಟರೆ, ಅದು ನೀವೇ ಮಾಡಿಕೊಂಡ ಹಾನಿ ಎಂದು ಹಣ ನಿರಾಕರಿಸುತ್ತಾರೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೆ ಮಾತ್ರ ಸಿಗುತ್ತದೆ. ಮುಳುಗಿದ ವಾಹನದ ಕೀಲಿ ತಿರುಗಿಸಬಾರದು, ಫೋಟೋ ತೆಗೆದು, ಎಳೆಸಿಕೊಂಡು ಹೋಗಬೇಕು ಎಂದು ಪ್ರತಿ ಡ್ರೈವರಿಗೂ ಹೇಳಿಡಿ. 2024ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಬಂದೊಡನೆ ವೇಳಚೇರಿಯ ಜನ ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದ್ದನ್ನು ನೋಡಿ ನಕ್ಕವರುಂಟು. ನಮಗಂತೂ ಅದು ಬುದ್ಧಿವಂತಿಕೆಯಾಗಿಯೇ ಕಂಡಿತು.

ಅಪಘಾತವಾದಾಗ ಡ್ರೈವರುಗಳು ಓಡಿಹೋಗುವುದು ಹೆಚ್ಚಾಗಿ ಜನರ ಹೊಡೆತಕ್ಕೆ ಹೆದರಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೂ ವಿಮೆಯವರಿಗೂ ತಿಳಿಸುವುದು ಕಾನೂನಿನ ಪ್ರಕಾರ ಅವನ ಕರ್ತವ್ಯ. ಜನ ಸೇರಿ ಅಲ್ಲಿ ನಿಲ್ಲಲಾಗದಿದ್ದರೆ ನೇರ ಹತ್ತಿರದ ಠಾಣೆಗೆ ಹೋಗಲಿ, 108ಕ್ಕೂ ನಮಗೂ ಫೋನು ಮಾಡಲಿ. ಇದನ್ನು ತಮಿಳಿನಲ್ಲಿಯೂ ಹಿಂದಿಯಲ್ಲಿಯೂ ಒಂದು ಹಾಳೆಯಲ್ಲಿ ಬರೆಸಿ, ಪಾಲಿಸಿ ನಂಬರಿನೊಂದಿಗೆ ಲ್ಯಾಮಿನೇಟ್ ಮಾಡಿ ಕ್ಯಾಬಿನ್ನಿನಲ್ಲಿ ಅಂಟಿಸಿದ್ದೇವೆ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಎತ್ತುವ ಒಬ್ಬ ಜವಾಬ್ದಾರಿಯ ಮನುಷ್ಯನ ನಂಬರು ಅದರಲ್ಲಿರಬೇಕು. ಏಜೆಂಟರ ನಂಬರು ಸಾಲದು.

ಇಷ್ಟನ್ನೆಲ್ಲ ಯಾವಾಗ ಮಾಡುವುದು ಎಂದರೆ, ಊರಿನ ಆಟಿ, ಇಲ್ಲಿಯ ಆಡಿ. ಮದುವೆಗಳಿಲ್ಲದ ಆ ಒಂದು ತಿಂಗಳಿನಲ್ಲಿ ವಾಹನ ಬಿಡುವಾಗಿರುತ್ತದೆ, ಡ್ರೈವರೂ ಬಿಡುವಾಗಿರುತ್ತಾನೆ. ನಮ್ಮ ಮೂರು ವಾಹನಗಳ ಪಾಲಿಸಿಗಳು ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತಿದ್ದವು. ಎರಡನ್ನು ಅವಧಿಗೆ ಮುಂಚೆಯೇ ನವೀಕರಿಸಿ ಎಲ್ಲವನ್ನೂ ಜುಲೈ ಕೊನೆಯ ವಾರಕ್ಕೆ ತಂದಿದ್ದೇವೆ. ಎಫ್.ಸಿ., ಬ್ರೇಕು, ಟಯರು, ಲೈಸೆನ್ಸ್ ಫೈಲು, ಕಣ್ಣಿನ ಪರೀಕ್ಷೆ ಎಲ್ಲವೂ ಆಗಲೇ. ಹಗ್ಗದ ಬದಲು ಈಗ ಕೊಳಗಗಳಿಗೆ ಸ್ಕ್ರೂ ಹಾಕುವ ಮುಚ್ಚಳ ಮಾಡಿಸಿದ್ದೇವೆ. ನೋಡಬೇಕೆನ್ನುವ ಸದಸ್ಯರು ಯಾವ ಮಧ್ಯಾಹ್ನವಾದರೂ ನಮ್ಮ ಅಡಿಗೆಮನೆಗೆ ಬರಬಹುದು.